ಸಕ್ಕರೆ ಹಂಚುವ ಮೊದಲು ಎದ್ದವನು

ಬೈಲಹೊಂಗಲದ ಬಜಾರಿನ ಹೋಟೆಲಿನಲ್ಲಿ ನಮ್ಮ ವಯಸ್ಸಿನ ಗಂಡಸರು ಕೂತು ಮಾತನಾಡದ ವಿಷಯವೇ ಇಲ್ಲ. ಮಂಡಿನೋವು, ಪಿತ್ತ, ಮೂಲವ್ಯಾಧಿ, ಸೊಸೆಯ ಕೈಯಡುಗೆ, ಪಕ್ಕದ ಹೊಲದವನ ಬೋರಿಗೆ ಬಿದ್ದ ನೀರು, ಎಲ್ಲವೂ ಚಹಾದ ಜೊತೆ ಬರುತ್ತವೆ. ಒಂದು ಮಾತ್ರ ಬರುವುದಿಲ್ಲ. ಮಾತಿನ ನಡುವೆ ಒಬ್ಬ ಎದ್ದು ಹೋಟೆಲಿನ ಹಿಂದಕ್ಕೆ ಹೋಗುತ್ತಾನೆ. ಬಹಳ ಹೊತ್ತಾದ ಮೇಲೆ ಬರುತ್ತಾನೆ. ಉಳಿದವರು ಅಷ್ಟು ಹೊತ್ತು ಗೋಡೆಯ ಕ್ಯಾಲೆಂಡರ್ ನೋಡುತ್ತಿರುತ್ತಾರೆ. ಯಾಕಿಷ್ಟು ತಡ ಎಂದು ಯಾರೂ ಕೇಳುವುದಿಲ್ಲ, ಏಕೆಂದರೆ ಮುಂದಿನ ಸರದಿ ತಮ್ಮದೇ ಎಂದು ಅವರಿಗೆ ಗೊತ್ತು.

ನನಗೆ ಇದು ಐವತ್ತೈದು ದಾಟಿದ ಮೇಲೆ ಗಂಟು ಬಿತ್ತು. ನಾನು ಮೋಟರ್ ರಿವೈಂಡಿಂಗ್ ಮಾಡುವವನು. ಸುಟ್ಟುಹೋದ ಪಂಪಿನ ಮೋಟರುಗಳನ್ನು ರೈತರು ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ನನ್ನ ಅಂಗಡಿಗೆ ತರುತ್ತಾರೆ. "ನೀರ ಎತ್ತವಲ್ದರಿ" ಅನ್ನುತ್ತಾರೆ. ನಾನು ಗದರಿಸುತ್ತೇನೆ: ಫುಟ್‌ವಾಲ್ವ್ ನೋಡಿದೆಯಾ, ಪೈಪಿನಲ್ಲಿ ಕಸ ಕೂತಿದೆಯಾ, ಎಷ್ಟು ದಿನದಿಂದ ಹೀಗಿದೆ, ಮೊದಲೇ ಯಾಕೆ ತರಲಿಲ್ಲ? ಹೀಗೆ ಗದರಿಸುತ್ತಲೇ ನಾನು ಅಂಗಡಿಯ ಹಿಂದಿನ ಗೋಡೆಗೆ ಓಡಬೇಕಾಗುತ್ತಿತ್ತು. ಅಲ್ಲಿ ಹೋಗಿ ನಿಂತರೆ ಬರುವುದಿಲ್ಲ. ಬಂದರೆ ಹನಿ ಹನಿ. ಮುಗಿಯಿತೆಂದು ವಾಪಸು ಬಂದು ತಾಮ್ರದ ತಂತಿ ಕೈಗೆತ್ತಿಕೊಂಡರೆ, ಮುಗಿದಿಲ್ಲ ಎಂದು ಒಳಗಿನಿಂದ ಕರೆ.

ನನ್ನ ಹೆಂಡತಿಗೆ ಹೇಳದೇ ಗೊತ್ತಾಯಿತು. ಅವಳ ಬಾಯಿ ದೊಡ್ಡದು, ಮನಸ್ಸು ಅದಕ್ಕಿಂತ ದೊಡ್ಡದು. "ಊರ ಮಂದೀವೆಲ್ಲಾ ಬಿಚ್ಚಿ ರಿಪೇರಿ ಮಾಡ್ತೀರಿ. ನಿಮ್ಮ ಪಂಪ ಯಾವಾಗ ತೋರಸ್ತೀರಿ?" ಎಂದಳು.

"ಬಾಯಿ ಮುಚ್ಚು. ಮಗಳ ಕಿವಿಗೆ ಬಿದ್ದೀತು."

"ಬೀಳ್ಲಿ ಬಿಡ್ರಿ. ಆಕಿ ದಿನಾ ಮಾಡೂದ ಅದ ಕೆಲಸ."

ನನ್ನ ಕಷ್ಟ ಇದ್ದದ್ದೇ ಅಲ್ಲಿ. ನಮ್ಮ ಒಬ್ಬಳೇ ಮಗಳು ಊರಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ರಕ್ತ, ಮೂತ್ರ, ಕಫ, ಜನರು ಮುಖ ಸಿಂಡರಿಸುವ ಎಲ್ಲವನ್ನೂ ಅವಳು ಕೈಗವಸು ಹಾಕಿಕೊಂಡು ತೆಗೆದುಕೊಂಡು, ಪರೀಕ್ಷೆ ಮಾಡಿ, ಡಾಕ್ಟರಿಗೆ ಹೇಳುತ್ತಾಳೆ. ಅವಳ ಕೆಲಸದ ಬಗ್ಗೆ ನಾನು ಹೋಟೆಲಿನಲ್ಲಿ ಕೊಚ್ಚಿಕೊಂಡದ್ದಕ್ಕೆ ಲೆಕ್ಕವಿಲ್ಲ. ಆದರೆ ನಾನೇ ಡಾಕ್ಟರ ಹತ್ತಿರ ಹೋದರೆ ಅವರು ಮೊದಲು ಬರೆಯುವುದು ಮೂತ್ರ ಪರೀಕ್ಷೆ. ಅದನ್ನು ಸಣ್ಣ ಡಬ್ಬಿಯಲ್ಲಿ ಹಿಡಿದುಕೊಂಡು ಹೋಗಿ ಕೊಡಬೇಕಾದದ್ದು ನನ್ನ ಮಗಳ ಕೈಗೆ. ಪ್ರಾಣ ಹೋದರೂ ಸರಿ, ಅದು ಮಾತ್ರ ಆಗದು ಎಂದು ತೀರ್ಮಾನಿಸಿದೆ. ಉಳಿದದ್ದು ನಾಟಿ ಔಷಧದ ದಾರಿ.

ಮೊದಲು ಹೋದದ್ದು ಕಿತ್ತೂರಿನ ಕಡೆಗೆ. ಅಲ್ಲಿ ಹತ್ತಿರದ ಒಂದು ಹಳ್ಳಿಯಲ್ಲಿ ಒಬ್ಬ ಅಜ್ಜ ಐತವಾರ ಬೆಳಿಗ್ಗೆ ಪುಡಿ ಕೊಡುತ್ತಿದ್ದ. ದುಡ್ಡು ಮುಟ್ಟುತ್ತಿರಲಿಲ್ಲ, ಒಂದು ತೆಂಗಿನಕಾಯಿ ಕೊಟ್ಟರೆ ಸಾಕು. ಹೋಗಿ ನೋಡಿದರೆ ಅವನ ಅಂಗಳದಲ್ಲಿ ನನ್ನ ವಯಸ್ಸಿನ ಗಂಡಸರ ಸಾಲು. ಎಲ್ಲರ ಕೈಯಲ್ಲೂ ತೆಂಗಿನಕಾಯಿ, ಎಲ್ಲರ ಮುಖಕ್ಕೂ ಟವೆಲ್. ನಮ್ಮ ಬಜಾರಿನವರೇ ಇಬ್ಬರಿದ್ದರು. ಒಬ್ಬ ನನ್ನ ಖಾಸಾ ಗೆಳೆಯ. ಅವನು ನನ್ನನ್ನು ನೋಡಲಿಲ್ಲ, ನಾನೂ ಅವನನ್ನು ನೋಡಲಿಲ್ಲ. ಮರುದಿನ ಹೋಟೆಲಿನಲ್ಲಿ "ನಿನ್ನೆ ಕಾಣಲಿಲ್ಲಲ್ಲೋ?" ಎಂದು ಒಬ್ಬರನ್ನೊಬ್ಬರು ಕೇಳಿಕೊಂಡೆವು.

ಅಜ್ಜನದು ಒಂದೇ ನಿಯಮ. "ಇದು ಏನ ಬೇರು, ಏನ ಸೊಪ್ಪು ಅಂತ ಕೇಳಬ್ಯಾಡ್ರಿ. ತೊಗೋತೀರಿ ಅಂತ ಯಾರಿಗೂ ಹೇಳಬ್ಯಾಡ್ರಿ. ಮಾತ ಬಾಯಿಂದ ಹೊರಗ ಬಿತ್ತಂದ್ರ ಔಷಧದ ಗುಣಾ ಹೋಗತೈತಿ."

ನಮ್ಮ ಕಡೆ ಈ ನಂಬಿಕೆ ಹಳೆಯದು, ಯಾರೂ ಮೀರುವುದಿಲ್ಲ. ನನಗಂತೂ ಅದು ಬಹಳ ಹಿಡಿಸಿತು. ಹೇಳಬಾರದು ಎಂಬ ಔಷಧ ಹೇಳಲಾಗದ ರೋಗಕ್ಕೆ ಹೇಳಿ ಮಾಡಿಸಿದಂತಿತ್ತು.

ಎರಡನೆಯದು ಫೋನಿನಿಂದ ಬಂತು. ಕುಸ್ತಿಯ ವಿಡಿಯೋ ನೋಡುತ್ತಿದ್ದೆ, ನಡುವೆ ಒಬ್ಬ ಬಿಳಿಗಡ್ಡದವನು ಕಾಣಿಸಿಕೊಂಡು, ಮೂತ್ರದ ತೊಂದರೆಗೆ ಗಿಡಮೂಲಿಕೆಯ ಕ್ಯಾಪ್ಸೂಲ್ ಎಂದು ಹೇಳಿ ನಕ್ಕ. ತರಿಸಿದೆ. ಡಬ್ಬಿಯ ಮೇಲೆ ಮುದುಕನೊಬ್ಬ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಗುಡ್ಡ ಹತ್ತುತ್ತಿದ್ದ ಚಿತ್ರ. ಸೈಕಲ್ ಇದ್ದೂ ಯಾಕೆ ಹೊತ್ತ ಎಂದು ನಾನು ಕೇಳಲಿಲ್ಲ. "ಅಡ್ಡ ಪರಿಣಾಮ ಇಲ್ಲ" ಎಂಬುದು ಬೆರಳಿನಷ್ಟು ದಪ್ಪ ಅಕ್ಷರದಲ್ಲಿತ್ತು. ಒಳಗೆ ಏನೇನಿದೆ ಎಂಬುದು ಇರುವೆಯ ಸಾಲಿನ ಹಾಗಿತ್ತು, ನನ್ನ ಚಾಳೀಸಿಗೂ ಸಿಗಲಿಲ್ಲ. ಅದನ್ನು ಅಂಗಡಿಯ ಖಾಲಿ ವಾರ್ನಿಶ್ ಡಬ್ಬಿಯೊಂದರಲ್ಲಿ ಬಚ್ಚಿಟ್ಟೆ.

ಮೂರನೆಯದು ತಾನಾಗಿ ಬಂತು. ಸವದತ್ತಿ ಕಡೆಯ ಹಳೇ ಗಿರಾಕಿಯೊಬ್ಬರು ಮೋಟರ್ ಒಯ್ಯಲು ಬಂದು ಕೂತಿದ್ದರು. ನಾನು ಹಿಂದಕ್ಕೆ ಹೋಗಿ ಬರುವುದನ್ನು ನೋಡಿ ನೋಡಿ ಕೊನೆಗೆ, "ನಾ ಏನೂ ಕೇಳೂದಿಲ್ಲಪಾ. ಹವೀಜ ರಾತ್ರಿ ನೆನಿ ಹಾಕಿ ಮುಂಜಾನೆ ಆ ನೀರ ಕುಡಿ. ಹೊಲದಾಗ ನೆಗ್ಗಿನಮುಳ್ಳು ಬಿದ್ದಿರ್ತಾವಲ್ಲ, ಅವನ್ನೂ ಕುದಿಸಿ ಕುಡಿ," ಎಂದು ಎದ್ದು ಹೋದರು. ಹವೀಜವೆಂದರೆ ಕೊತ್ತಂಬರಿ ಬೀಜ, ಅಡುಗೆಮನೆಯಲ್ಲೇ ಇತ್ತು. ಮುಳ್ಳು ಅಂಗಡಿಗೆ ಬರುವ ಟ್ರ್ಯಾಕ್ಟರಿನ ಗಾಲಿಗಳಲ್ಲೇ ಚುಚ್ಚಿಕೊಂಡು ಬರುತ್ತಿತ್ತು.

ಗುಣವಾಯಿತೇ ಎಂದು ಕೇಳಿದರೆ ಹೇಳುವುದು ಕಷ್ಟ. ನಾಲ್ಕು ದಿನ ಹಗುರ, ನಾಲ್ಕು ದಿನ ಮೊದಲಿನ ಹಾಗೆ. ಯಾವುದರಿಂದ ಗುಣ ಬಂತು, ಯಾವುದರಿಂದ ಹೋಯಿತು ಎಂದು ತಿಳಿಯಲು ನಾನು ಒಂದನ್ನೂ ಬಿಟ್ಟಿರಲಿಲ್ಲ. ಮೋಟರಿನ ವಿಷಯದಲ್ಲಿ ಎಂದೂ ಹೀಗೆ ಮಾಡುವವನಲ್ಲ. ಕಂಡೆನ್ಸರ್, ವೈಂಡಿಂಗ್, ಸ್ಟಾರ್ಟರ್ ಮೂರನ್ನೂ ಒಮ್ಮೆಲೇ ಬದಲಿಸಿದವನನ್ನು ನಾನೇ ಕತ್ತೆ ಎಂದು ಬೈದಿದ್ದೇನೆ.

ಹೀಗಿರುವಾಗ ಮಗಳಿಗೆ ಗಂಡು ನೋಡುವ ಕಾಲ ಬಂತು. ನೋಡುವುದೇನು, ಅವಳೇ ನೋಡಿಕೊಂಡಿದ್ದಳು. ಧಾರವಾಡದಲ್ಲಿ ಓದುವಾಗ ಪರಿಚಯವಾದ ಹುಡುಗ, ಈಗ ಸವದತ್ತಿಯಲ್ಲಿ ಹೈಸ್ಕೂಲ್ ಮಾಸ್ತರ. ಮನೆ ರಾಮದುರ್ಗದಲ್ಲಿ. ನಮ್ಮ ಪೈಕಿಯವರೇ, ಬೇಡವೆನ್ನಲು ಕಾರಣವಿರಲಿಲ್ಲ. ಅವರ ಮನೆಯಲ್ಲಿ ಹಿರಿಯರು ಕೂತು ಮಾತುಕತೆ ಮುಗಿಸಿ ಸಕ್ಕರೆ ಹಂಚುವುದೆಂದು ದಿನ ಗೊತ್ತಾಯಿತು.

ಹಿಂದಿನ ಸಂಜೆ ಮಗಳು ನನ್ನ ಎದುರಿಗೆ ಬಂದು ಕೂತಳು. "ಅಪ್ಪಾ, ಅವರ ಮನ್ಯಾಗ ದೊಡ್ಡಪ್ಪನ ಮಾತ ನಡೀತದ. ಅವರಿಗೆ ನನ್ನ ನೌಕರಿ ಸೇರೂದಿಲ್ಲ ಅಂತ. ಬ್ಯಾರೆ ಏನ ಕೇಳಿದ್ರೂ ಹೂಂ ಅನ್ರಿ. ನೌಕರಿ ಬಿಡು ಅಂದ್ರ ಮಾತ್ರ ಆಗೂದಿಲ್ಲ ಅಂತ ನೀವ ಹೇಳಬೇಕ. ಹುಡುಗ ಹೇಳಿದ್ರ ಅವರು ಕೇಳೂದಿಲ್ಲ. ಅವ್ವ ಒಳಗ ಹೆಣಮಕ್ಕಳ ಜೋಡಿ ಇರ್ತಾಳ. ನೀವ ಅಲ್ಲಿ ಇರಬೇಕ."

"ಇರ್ತೇನಿ," ಎಂದೆ.

ಅಂದದ್ದು ಅಂದೆ, ಎದೆಯಲ್ಲಿ ಅವಲಕ್ಕಿ ಕುಟ್ಟಿದ ಹಾಗಾಯಿತು. ನಮ್ಮ ಕಡೆಯ ಪದ್ಧತಿ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮಾತುಕತೆಗೆ ಕೂತ ಹಿರಿಯರು ಸಕ್ಕರೆ ಬಾಯಿಗೆ ಬೀಳುವ ತನಕ ಏಳಬಾರದು. ಎದ್ದರೆ ಮನಸ್ಸು ಮುರಿಯಿತು ಎಂದು ಅರ್ಥ. ಹಾಗೆ ಎದ್ದು ಚಪ್ಪಲಿ ಮೆಟ್ಟಿದ ಒಬ್ಬನಿಂದ ನಿಂತುಹೋದ ಮದುವೆಗಳು ನಮ್ಮ ತಾಲೂಕಿನಲ್ಲಿ ಬೇಕಾದಷ್ಟಿವೆ. ಅರ್ಧ ತಾಸು ಒಂದೆಡೆ ಕೂರಲಾಗದ ನಾನು ಅರ್ಧ ದಿನ ಕೂರಬೇಕಾಗಿತ್ತು. ಅದೂ ಮಗಳ ನೌಕರಿಯ ಮಾತು ಯಾವ ಗಳಿಗೆಯಲ್ಲಿ ಬರುತ್ತದೋ ಗೊತ್ತಿಲ್ಲದೆ.

ಅದಕ್ಕೆ ಬೆಳಿಗ್ಗೆ ನಾನು ಮಾಡಿದ ತಯಾರಿ ಕೇಳಿ. ಅಜ್ಜನ ಪುಡಿ ದುಪ್ಪಟ್ಟು. ಕ್ಯಾಪ್ಸೂಲ್ ದುಪ್ಪಟ್ಟು. ಹವೀಜದ ನೀರು ಒಂದು ತಂಬಿಗೆ. ಮೇಲೆ ಮುಳ್ಳಿನ ಕಷಾಯ. ಇಷ್ಟು ಸೇರಿದರೆ ಒಂದು ದಿನದ ಮಟ್ಟಿಗಾದರೂ ಒಳಗೆ ಬಿಗಿಯಾಗಿ ನಿಂತೀತು ಎಂಬುದು ನನ್ನ ಲೆಕ್ಕ. ಇವೆಲ್ಲ ಮೂತ್ರವನ್ನು ಇಳಿಸುವ ವಸ್ತುಗಳು, ತಡೆಯುವ ವಸ್ತುಗಳಲ್ಲ ಎಂಬ ಸಣ್ಣ ಸಂಗತಿ ನನ್ನ ತಲೆಗೆ ಹೊಳೆಯಲಿಲ್ಲ. ಹೇಳುವವರಾದರೂ ಯಾರು? ಯಾರಿಗೂ ಹೇಳಬಾರದು ಎಂಬುದೇ ನಿಯಮ.

ಕ್ರೂಸರ್ ಗಾಡಿಯಲ್ಲಿ ಹೊರಟೆವು. ನಾನು, ಹೆಂಡತಿ, ಅವಳ ಅಣ್ಣ, ಇನ್ನು ನಾಲ್ಕು ಜನ ಹಿರಿಯರು. ಸವದತ್ತಿ ಬರುವ ಹೊತ್ತಿಗೆ ನನ್ನ ಹಣೆಯ ಮೇಲೆ ಬೆವರು. "ಗಾಡಿ ನಿಂದರಸಪಾ. ಗುಡ್ಡದ ತಾಯಿಗೆ ಇಲ್ಲಿಂದನ ಕೈ ಮುಗದು ಬರ್ತೇನಿ," ಎಂದು ಇಳಿದು, ಗುಡ್ಡದ ಕಡೆ ಒಮ್ಮೆ ಕೈ ಮುಗಿದು, ಜಾಲಿಗಿಡದ ಮರೆಗೆ ಹೋದೆ. ಮುಂದೆ ಸಿರಸಂಗಿಗೆ ತಿರುಗುವ ಹಾದಿಯಲ್ಲಿ ಮತ್ತೆ, "ಕಾಳವ್ವಗೂ ಒಮ್ಮಿ." ರಾಮದುರ್ಗ ಸಮೀಪಿಸುತ್ತಿದ್ದಂತೆ ದೂರದಲ್ಲಿ ಮಲಪ್ರಭೆ ಕಂಡಳು. ಹೊಳೆಗೂ ಕೈ ಮುಗಿದೆ.

"ಮಗಳ ಲಗ್ನ ಅಂದ್ರ ನಾಸ್ತಿಕಗೂ ಭಕ್ತಿ ಬರ್ತದ ನೋಡ್ರಿ," ಎಂದು ಹಿರಿಯರೊಬ್ಬರು ಮೆಚ್ಚಿದರು. ನನ್ನ ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಕಿಟಕಿಯ ಕಡೆ ತಿರುಗಿದಳು.

ಬೀಗರ ಮನೆ ದೊಡ್ಡದು, ಹಳೆಯದು, ಪಡಸಾಲೆಯ ತುಂಬ ಜಮಖಾನ. ನಡುವೆ ಮಂಚದ ಮೇಲೆ ಹುಡುಗನ ದೊಡ್ಡಪ್ಪ. ಎಪ್ಪತ್ತರ ಆಸುಪಾಸು, ಬಿಳಿ ರುಮಾಲು, ಮೀಸೆಯ ತುದಿ ಮೇಲಕ್ಕೆ. ಅವರು ಕೂತರೆ ಕೂತರು, ಎಷ್ಟು ತಾಸಾದರೂ ಅಲುಗುವುದಿಲ್ಲ ಎಂದು ಊರಲ್ಲಿ ಹೆಸರಂತೆ. ಹುಡುಗನ ತಂದೆ ಅವರ ತಮ್ಮ, ಮೆತ್ತಗಿನ ಮನುಷ್ಯ, ಅಣ್ಣನ ಎದುರಿಗೆ ಕೆಮ್ಮುವುದಕ್ಕೂ ಅನುಮತಿ ಕೇಳುವವರ ಹಾಗಿದ್ದರು.

ಉಪಚಾರ ಶುರುವಾಯಿತು. ಬೀಗರ ಮನೆಯ ಉಪಚಾರವೆಂದರೆ ಬೇಡ ಎನ್ನುವ ಹಾಗಿಲ್ಲ. ಮೊದಲು ನೀರು, ಆಮೇಲೆ ಚಹಾ, ಅವಲಕ್ಕಿ, ಅದರ ಮೇಲೆ ಗಟ್ಟಿ ಮಜ್ಜಿಗೆ. "ಇನ್ನೊಂದ ಗ್ಲಾಸ್ ತೊಗೋರಿ ಬೀಗರ, ನಮ್ಮ ಮನಿ ಮಜ್ಜಗಿ ಕುಡೀಲಿಲ್ಲಂದ್ರ ನಮಗ ಬ್ಯಾಸರ ಆಗ್ತದ." ಕುಡಿದೆ. ನುಂಗುವಂತಿಲ್ಲ, ಉಗುಳುವಂತಿಲ್ಲ ಅನ್ನುತ್ತಾರಲ್ಲ, ನಾನು ನುಂಗಿದೆ. ದೊಡ್ಡಪ್ಪ ಮಾತ್ರ ತಮ್ಮ ಮನೆಯ ಮಜ್ಜಿಗೆಯನ್ನೇ ಮುಟ್ಟಲಿಲ್ಲ. ದೊಡ್ಡವರ ಗತ್ತು ಅಂದುಕೊಂಡೆ.

ಮಾತು ಮೊದಲು ಮದುವೆ ಎಲ್ಲಿ ಎಂಬಲ್ಲಿಗೆ ಬಂತು. ದೊಡ್ಡಪ್ಪ, "ಲಗ್ನ ರಾಮದುರ್ಗದಾಗನ ಆಗಬೇಕ," ಎಂದರು. ಅದೇ ಗಳಿಗೆಗೆ ನನಗೆ ತಡೆಯಲಾಗಲಿಲ್ಲ. ಫೋನ್ ಕಿವಿಗಿಟ್ಟುಕೊಂಡು, "ಹಲೋ, ಹಾಂ, ಹೇಳ್ರಿ" ಎನ್ನುತ್ತಾ ಎದ್ದೆ. ಹಿತ್ತಲಿಗೆ ಹೋಗಿ ಬಂದು ಕೂತೆ. ಪಡಸಾಲೆ ಪಿಸುಗುಡುತ್ತಿತ್ತು. ಹುಡುಗನ ತಂದೆ ಗಂಟಲು ಸರಿಮಾಡಿಕೊಂಡು, "ಲಗ್ನ ನಿಮ್ಮೂರಾಗ ಆಗ್ಲಿ ಬಿಡ್ರಿ, ಅದಕ್ಕೇನಾತು," ಎಂದರು.

ನನ್ನ ಹೆಂಡತಿಯ ಅಣ್ಣ ನನ್ನ ತೊಡೆ ಚಿವುಟಿದ. "ಭಾರಿ ಡಾವ್ ಹಾಕಿದಿ! ಎದ್ದ ಕೂಡಲೇ ಬಗ್ಗಿದ್ರು. ಮುಂದಿನ ಮಾತಿಗೂ ಏಳು."

ಅವನಿಗೆ ಏನೆಂದು ಹೇಳಲಿ? ಮುಂದಿನ ಮಾತು ಬಂದವರಿಗೆ ಊಟ ಎಷ್ಟು ದಿನ ಎಂಬುದು. ಆಗಲೂ ಎದ್ದೆ, ಈ ಸಲ ಎಲೆಯಡಿಕೆ ಉಗುಳುವ ನೆಪ. ಬಂದು ಕೂರುವಷ್ಟರಲ್ಲಿ ಅದೂ ನಮ್ಮ ಇಷ್ಟದಂತೆಯೇ ಆಗಿತ್ತು. ಹೆಂಡತಿಯ ಅಣ್ಣನ ಮುಖ ಅರಳಿತ್ತು. ನನ್ನ ಹೊಟ್ಟೆಯೊಳಗೆ ಮಾತ್ರ ಮಜ್ಜಿಗೆಯೂ ಹವೀಜದ ನೀರೂ ಸೇರಿ ಕಾಲುವೆ ತೋಡುತ್ತಿದ್ದವು.

ಆಮೇಲೆ ದೊಡ್ಡಪ್ಪ ಮಂಚದ ಮೇಲೆ ನೆಟ್ಟಗಾದರು. "ಕಡೀ ಮಾತು. ನಿಮ್ಮ ಹುಡುಗಿ ಶ್ಯಾಣ್ಯಾಕಿ ಅದಾಳ, ಗುಣಾನೂ ಛಲೋ ಐತಿ. ಆದ್ರ ನಮ್ಮ ಮನಿ ಸೊಸಿ ಮಂದಿ ಉಚ್ಚಿ ರಕ್ತ ಮುಟ್ಟೂ ಕೆಲಸಾ ಮಾಡೂದು ನಮಗ ಸರಿ ಕಾಣೂದಿಲ್ಲ. ಲಗ್ನ ಆದಮ್ಯಾಲೆ ಆ ನೌಕರಿ ಬಿಡಬೇಕ."

ಮಗಳು ಹೇಳಿದ್ದ ಮಾತು ಬಂತು. ನಾನು ಇರಬೇಕಾದ ಗಳಿಗೆ ಇದೇ. ಬಾಯಿ ತೆರೆದೆ. ತೆರೆದ ಬಾಯಿಂದ ಮಾತು ಬರುವ ಮೊದಲೇ, ಇನ್ನೊಂದು ಉಸಿರು ಕೂತರೆ ಜಮಖಾನದ ಮೇಲೇ ಮಾನ ಹೋಗುತ್ತದೆಂದು ತಿಳಿಯಿತು. ನೆಪ ಹುಡುಕಲು ಹೊತ್ತಿರಲಿಲ್ಲ. ಒಂದೂ ಮಾತಿಲ್ಲದೆ ಎದ್ದು ನಡೆದೆ. ನಾನು ಅವಸರದಲ್ಲಿ ಚಪ್ಪಲಿಯನ್ನೂ ಮೆಟ್ಟಿದ್ದೆ.

ಹಿತ್ತಲಿನ ಕೊನೆಗೆ ತಗಡಿನ ಬಾಗಿಲಿನ ಪಾಯಖಾನೆ. ಒಳಗೆ ಹೋಗಿ ನಿಂತೆ. ಬರಲಿಲ್ಲ. ಅಷ್ಟು ಅವಸರ ಮಾಡಿ ಎಬ್ಬಿಸಿಕೊಂಡು ಬಂದದ್ದು ಈಗ ಒಳಗೆ ಮುನಿಸಿಕೊಂಡು ಕೂತಿತ್ತು. ಕಣ್ಣು ಮುಚ್ಚಿ ಗುಡ್ಡದ ತಾಯಿಯನ್ನೂ ಕಾಳವ್ವನನ್ನೂ ಈ ಸಲ ನಿಜವಾಗಿ ಬೇಡಿಕೊಂಡೆ. ಅಷ್ಟರಲ್ಲಿ ಹೊರಗೆ ಹೆಜ್ಜೆ ಸಪ್ಪಳ.

"ಬೀಗರ..." ಹುಡುಗನ ತಂದೆಯ ಮೆತ್ತಗಿನ ದನಿ. "ಸಿಟ್ಟಾಗಬ್ಯಾಡ್ರಿ. ಅಣ್ಣನ ಮಾತ ಒರಟು. ಹುಡುಗಿ ಒಂದ ವರ್ಷ ನೌಕರಿ ಮಾಡ್ಲಿ, ಆಮ್ಯಾಲ ನೋಡೂಣು."

ನಾನು ಉತ್ತರ ಕೊಡುವ ಸ್ಥಿತಿಯಲ್ಲಿರಲಿಲ್ಲ. ಮಾತನಾಡಿದರೆ ಬರುತ್ತಿದ್ದ ಹನಿಯೂ ನಿಲ್ಲುತ್ತಿತ್ತು.

ಹೊರಗೆ ನಿಟ್ಟುಸಿರು. "ಆತ್ರಿ. ಎರಡ ವರ್ಷ."

ನಾನು ಸುಮ್ಮನಿದ್ದೆ.

"ಮೂರ ವರ್ಷ? ಒಂದ ಕೂಸು ಆಗೂತನಾ ಅಂತ ಇಟ್ಕೊಳ್ರಿ."

ಇನ್ನೊಂದಿಷ್ಟು ಹೊತ್ತು ಒಳಗೇ ಇದ್ದರೆ ಮಗಳಿಗೆ ಪಿಂಚಣಿಯವರೆಗೂ ನೌಕರಿ ಸಿಗುತ್ತದೆ ಅನ್ನಿಸಿ, ಆ ಕಷ್ಟದಲ್ಲೂ ನಗು ಬಂತು. ನಗು ಬಂದದ್ದೇ ತಡ, ಕೆಲಸವೂ ಸುಗಮವಾಯಿತು. ತಗಡಿನ ಬಾಗಿಲಿನ ಆಚೆಗೂ ಅದರ ಸಪ್ಪಳ ಕೇಳಿರಬೇಕು, ಏಕೆಂದರೆ ಹೊರಗಿನ ಚೌಕಾಶಿ ನಿಂತುಹೋಯಿತು.

ಬಾಗಿಲು ತೆರೆದು ಬಂದೆ. ಅವರು ನನ್ನ ಮುಖ ನೋಡಿದರು, ಬೆವರು ನೋಡಿದರು. ನಿಧಾನವಾಗಿ ಅವರ ಕಣ್ಣುಗಳಲ್ಲಿ ಒಂದೇ ಕಷ್ಟದವನನ್ನು ಕಂಡ ಗುರುತು ಮೂಡಿತು.

"ನಿಮಗೂನೂ?" ಎಂದರು.

"ನಿಮಗ?"

"ಎರಡ ವರ್ಷಾತ್ರಿ. ಕಿತ್ತೂರ ಕಡೆ ಒಬ್ಬ ಅಜ್ಜ ಪುಡಿ..." ಎಂದವರು ಗಕ್ಕನೆ ಬಾಯಿ ಮುಚ್ಚಿಕೊಂಡರು. "ಹೇಳಬಾರ್ದಂತ್ರಿ."

"ಹೇಳಬ್ಯಾಡ್ರಿ. ನಾನೂ ಹೇಳಬಾರ್ದು."

ಇಬ್ಬರೂ ಹಿತ್ತಲಲ್ಲಿ ಕಟ್ಟಿದ್ದ ಎಮ್ಮೆಯ ಗೋದಲಿ ಹಿಡಿದುಕೊಂಡು ನಕ್ಕೆವು. ಎಮ್ಮೆ ನಮ್ಮನ್ನು ನೋಡಿತು. ಕ್ಯಾಪ್ಸೂಲಿನ ಡಬ್ಬಿ, ಹವೀಜದ ನೀರು, ಬಸ್ಸಿನಲ್ಲಿ ಕೂರುವಾಗಿನ ಭಯ, ಎಲ್ಲವನ್ನೂ ಬಾಲ್ಯದ ಗೆಳೆಯರ ಹಾಗೆ ಹೇಳಿಕೊಂಡೆವು. ಪಡಸಾಲೆಯಲ್ಲಿ ಒಂದು ಮದುವೆ ಮುರಿಯಿತೆಂದು ಜನ ಕೂತಿರುವುದು ಮರೆತೇಹೋಗಿತ್ತು. ನೆನಪಾದಾಗ ಅವರು ನನ್ನ ಕೈ ಹಿಡಿದು, "ಒಳಗ ಏನೂ ಹೇಳಬ್ಯಾಡ್ರಿ. ನೀವ ಸಿಟ್ಟಿಲೆ ಎದ್ರಿ ಅಂತನ ಇರ್ಲಿ. ಅಣ್ಣ ಬಗ್ಗೂದು ಅದಕ್ಕನ," ಎಂದರು.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಒಪ್ಪಿದೆ. ಗಂಭೀರವಾಗಿ ಒಳಗೆ ಹೋಗಿ ಕೂತೆ, ಮೀಸೆಯನ್ನೂ ಒಮ್ಮೆ ಮುಟ್ಟಿಕೊಂಡೆ.

ದೊಡ್ಡಪ್ಪ ನನ್ನನ್ನೇ ನೋಡುತ್ತಿದ್ದರು. ಸಿಟ್ಟಿನಿಂದಲ್ಲ, ನೊಂದವರ ಹಾಗೆ. "ನಾನೂ ಹಿರ್ಯಾ ಅದೇನಿ. ಮಾತಾಡೂದ ಬಿಟ್ಟು ಎದ್ದ ಹೋಗೂದಂದ್ರ ಏನ್ರಿ? ನಿಮ್ಮ ಮಗಳ ಕೆಲಸಕ್ಕ ನಾ ಹೊಲಸು ಅಂದಂಗ ಆತಂತ ನಿಮಗ ಸಿಟ್ಟು ಬಂತಲ್ಲ? ಬಾಯಿಬಿಟ್ಟು ಹೇಳ್ರಿ."

ನನಗೆ ಸಿಟ್ಟು ಬಹಳ ಬೇಗ ಬರುತ್ತದೆ, ಊರಿಗೆಲ್ಲ ಗೊತ್ತು. ಆದರೆ ಬಾರದ ಸಿಟ್ಟನ್ನು ಬಂದಿದೆಯೆಂದು ಹೊತ್ತು ಕೂರುವುದು ನನ್ನಿಂದಾಗಲಿಲ್ಲ. ಹೊಲಸು ಎಂಬ ಆ ಮಾತು ಬೇರೆ ಕಿವಿಗೆ ಚುಚ್ಚಿತು. ಹೊಲಸೆಂದು ಅವರು ಬಾಯಿಬಿಟ್ಟು ಹೇಳಿದ್ದರು. ನಾನು ಬಾಯಿ ಮುಚ್ಚಿಕೊಂಡು ಅದನ್ನೇ ಅಂದುಕೊಂಡಿದ್ದೆ. ಇಲ್ಲದಿದ್ದರೆ ಮಗಳಿಗೆ ಹೇಳುವುದನ್ನು ಬಿಟ್ಟು ಹೆಸರು ಗೊತ್ತಿಲ್ಲದ ಪುಡಿ ನುಂಗುತ್ತಿದ್ದೆನೇ?

"ಸಿಟ್ಟು ಬಂದಿದ್ದಿಲ್ರಿ. ಕಾಲ್ಮಡಿ ಬಂದಿತ್ತು," ಎಂದೆ.

ಹುಡುಗನ ತಂದೆ ತಲೆಯ ಮೇಲೆ ಕೈ ಹೊತ್ತರು. ನನ್ನ ಹೆಂಡತಿಯ ಅಣ್ಣ ನಾನು ಯಾರೆಂದೇ ಗೊತ್ತಿಲ್ಲದವನ ಹಾಗೆ ಛಾವಣಿ ನೋಡಿದ.

"ಸಿಟ್ಟು ಈಗ ಬಂದೈತಿ, ಕೇಳ್ರಿ. ಮೊದಲ ಎರಡ ಸಲ ಎದ್ದದ್ದೂ ಅದಕ್ಕನ. ಸವದತ್ತಿಯಿಂದ ಇಲ್ಲೀತನಾ ಕಂಡ ಕಂಡ ದೇವರಿಗೆ ಕೈ ಮುಗದದ್ದೂ ಅದಕ್ಕನ. ನನಗ ಈ ತ್ರಾಸ ಸುರು ಆಗಿ ಭಾಳ ದಿನಾತು. ಮನ್ಯಾಗ ಉಚ್ಚಿ ಪರೀಕ್ಷಾ ಮಾಡೂ ಮಗಳನ್ನ ಇಟ್ಕೊಂಡು, ಆಕಿಗೆ ಹೇಳಾಕ ನಾಚಿ, ಕಂಡವರ ಪುಡಿ, ಫೋನಿನ್ಯಾಗಿನ ಗುಳಿಗಿ ತಿಂದೇನಿ. ನಾಚಿಗಿ ಇರೂದು ನನ್ನ ತಲ್ಯಾಗ್ರಿ, ಆಕಿ ಕೈಯಾಗ ಅಲ್ಲ. ಆಕಿ ಮುಟ್ಟಿ ನೋಡ್ತಾಳ ಅಂತನ ಡಾಕ್ಟರಿಗೆ ರೋಗ ತಿಳೀತದ. ಶ್ರೀಮಂತರದೂ ಬರ್ತದ, ಕೂಲಿಯವರದೂ ಬರ್ತದ, ಆಕಿ ಯಾರದಕ್ಕೂ ಮೂಗ ಮುಚ್ಚೂದಿಲ್ಲ. ಅಂಥಾ ಕೆಲಸಾ ಬಿಡು ಅಂತ ನಾ ಹೇಳೂದಿಲ್ಲ. ನೀವೂ ಹೇಳಬಾರದು. ಒಪ್ಪಿದ್ರ ಸಕ್ಕರಿ ತರಸ್ರಿ. ಇಲ್ಲಂದ್ರ ನಾವು ಹೊರಡ್ತೇವಿ." ಇಷ್ಟು ಹೇಳಿ, ಮಜ್ಜಿಗೆಯ ನೆನಪಾಗಿ, "ಹೊರಡೂಕಿಂತ ಮೊದಲ ಇನ್ನೊಮ್ಮಿ ಹಿತ್ತಲಕ್ಕ ಹೋಗಬೇಕು," ಎಂದೆ.

ಅಡುಗೆಮನೆಯ ಬಾಗಿಲಲ್ಲಿ ಮೊದಲು ನಕ್ಕದ್ದು ನನ್ನ ಹೆಂಡತಿ. ಅವಳ ನಗು ತಡೆಯುವುದು ಯಾರಿಂದಲೂ ಆಗದು. ಹೆಂಗಸರೆಲ್ಲ ನಕ್ಕರು, ಆಮೇಲೆ ಗಂಡಸರು.

ದೊಡ್ಡಪ್ಪ ನಗಲಿಲ್ಲ. ಮಂಚದ ಅಂಚಿಗೆ ಕೈಯೂರಿ ಎದ್ದು ನಿಂತರು. ನಗು ಅಲ್ಲಿಗೇ ನಿಂತಿತು. ಎಷ್ಟೇ ತಾಸಾದರೂ ಏಳದ ಮನುಷ್ಯ ಸಕ್ಕರೆಗೆ ಮೊದಲೇ ಎದ್ದಿದ್ದರು. ಯಾರ ಮುಖವನ್ನೂ ನೋಡದೆ ಹಿತ್ತಲ ಬಾಗಿಲು ದಾಟಿ ಹೋದರು. ಮುರಿಯಿತು ಎಂದುಕೊಂಡೆ. ಮಗಳ ಮುಖ ಕಣ್ಣ ಮುಂದೆ ಬಂತು. ಅವಳಿಗೆ ಏನೆಂದು ಹೇಳಲಿ? ನಿನ್ನ ನೌಕರಿ ಉಳಿಸಿದೆ, ನಿನ್ನ ಹುಡುಗನನ್ನು ಕಳೆದೆ ಎಂದೇ? ಸಿಟ್ಟಿನ ನಾಟಕವನ್ನೇ ಆಡಿದ್ದರೆ ಏನು ಹೋಗುತ್ತಿತ್ತು ನನ್ನ ಗಂಟು ಎಂದು ನನ್ನನ್ನೇ ಬೈದುಕೊಂಡೆ. ನಮ್ಮ ಹಿರಿಯರೊಬ್ಬರು ಚಪ್ಪಲಿ ಹುಡುಕತೊಡಗಿದ್ದರು.

ಬಹಳ ಹೊತ್ತಾಯಿತು. ನಮ್ಮ ವಯಸ್ಸಿನವರಿಗೆ ಮಾತ್ರ ಗೊತ್ತಿರುವಂಥ, ಅಷ್ಟು ಹೊತ್ತು.

ದೊಡ್ಡಪ್ಪ ಟವೆಲಿನಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದು ಮಂಚದ ಮೇಲೆ ಕೂತರು. ಮುಖ ಹಗುರವಾಗಿತ್ತು. "ಮಂದಿ ಕೂಡೂ ದಿನಾ ನಾ ಮುಂಜಾನೆಯಿಂದ ಹನಿ ನೀರ ಕುಡ್ಯಾಂಗಿಲ್ರಿ, ಎದ್ದ ಹೋಗೂದು ಬರಬಾರ್ದಂತ," ಎಂದು ನನಗಷ್ಟೇ ಕೇಳುವ ಹಾಗೆ ಹೇಳಿದರು. ಆಮೇಲೆ ಒಳಗಿನವರಿಗೆ ಕೇಳುವ ಹಾಗೆ ದೊಡ್ಡ ದನಿ ತೆಗೆದರು. "ಸಕ್ಕರಿ ತರ್ರಿ! ಮತ್ತ ನನಗೊಂದ ಗ್ಲಾಸ್ ಮಜ್ಜಗಿ ತರ್ರಿ."

ಅಂದು ರಾಮದುರ್ಗದಲ್ಲಿ ತಿಂದ ಸಕ್ಕರೆಯಷ್ಟು ಸಿಹಿಯಾದದ್ದನ್ನು ನಾನು ಬೇರೆಲ್ಲೂ ತಿಂದಿಲ್ಲ.

ಮಗಳಿಗೆ ನಡೆದದ್ದನ್ನು ಅವಳ ತಾಯಿ ಅಭಿನಯ ಸಮೇತ ಹೇಳಿದಳು. ಮಗಳು ನಕ್ಕು ನಕ್ಕು ಕಣ್ಣೊರೆಸಿಕೊಂಡು, ಆಮೇಲೆ ನನ್ನನ್ನು ಬಹಳ ಹೊತ್ತು ನೋಡಿ, "ಸೋಮವಾರ ಮುಂಜಾನೆ ಡಾಕ್ಟರ ಕಡೆ ಬರ್ರಿ. ತಿನ್ನೂದೆಲ್ಲಾ ಕಟಗೊಂಡ ಬರ್ರಿ," ಎಂದಳು.

ಡಾಕ್ಟರ ಮೇಜಿನ ಮೇಲೆ, ಎಲ್ಲವನ್ನೂ ತುಂಬಿಕೊಂಡು ಹೋಗಿದ್ದ ವಾರ್ನಿಶ್ ಡಬ್ಬಿಯನ್ನೇ ಬೋರಲು ಹಾಕಿದೆ. ಅವರು ಒಂದೊಂದಾಗಿ ಮೂಸಿ ನೋಡಿದರು. ವಯಸ್ಸಾದ ಹಾಗೆ ಗಂಡಸರಲ್ಲಿ ಮೂತ್ರದ ದಾರಿಯ ಸುತ್ತಲಿನ ಗ್ರಂಥಿ ದಪ್ಪವಾಗುತ್ತದೆ, ದಾರಿ ಕಿರಿದಾಗುತ್ತದೆ ಎಂದು ವಿವರಿಸಲು ಹೊರಟರು. ಪೈಪು ಕಿರಿದಾಗಿರುವಾಗ ಹಿಂದಿನಿಂದ ನೀರು ಹೆಚ್ಚು ಬಿಟ್ಟರೆ ಏನಾಗುತ್ತದೆ ಎಂದು ನನಗೆ ಹೇಳಿಕೊಡಬೇಕಾಗಿರಲಿಲ್ಲ. "ಬೇರು, ಸೊಪ್ಪು ತಪ್ಪಂತ ನಾ ಹೇಳೂದಿಲ್ರಿ," ಎಂದರು. "ಏನದ ಅಂತ ಗೊತ್ತಿಲ್ಲದ್ದನ್ನ, ಎಲ್ಲಾ ಕೂಡಿಸಿ, ಯಾರಿಗೂ ಹೇಳದ ನುಂಗೂದು ತಪ್ಪು. ನೀವ ತಿನ್ನೂದು ನಮಗ ಗೊತ್ತಿರಬೇಕಲ್ಲ?" ಎಲ್ಲವನ್ನೂ ನಿಲ್ಲಿಸಲು ಹೇಳಿದರು. ಮೂತ್ರ ಪರೀಕ್ಷೆ ಬರೆದುಕೊಟ್ಟರು.

ಆಸ್ಪತ್ರೆಗೆ ನಾನೊಬ್ಬನೇ ಹೋಗಿರಲಿಲ್ಲ. ಹಿಂದಿನ ದಿನ ದೊಡ್ಡಪ್ಪ ಫೋನ್ ಮಾಡಿ, ಕ್ಷೇಮ ಸಮಾಚಾರ, ಕಡಲೆ ಬೆಳೆ, ಮೋಟರಿನ ಬೆಲೆ ಎಲ್ಲ ಮುಗಿಸಿ, ಕೊನೆಗೆ, "ಬೈಲಹೊಂಗಲದಾಗ ನನ್ನ ಗುರ್ತ ಯಾರಿಗೂ ಇಲ್ಲ, ಹೌದಲ್ರಿ?" ಎಂದು ಕೇಳಿದ್ದರು. ಬೆಳಗಿನ ಮೊದಲ ಬಸ್ಸಿಗೇ ಬಂದಿಳಿದರು. ಡಾಕ್ಟರು ಅವರಿಗೂ ಅದೇ ಪರೀಕ್ಷೆ ಬರೆದುಕೊಟ್ಟರು.

ಲ್ಯಾಬಿನ ಮುಂದಿನ ಬೆಂಚಿನ ಮೇಲೆ ಇಬ್ಬರೂ ಸಾಲಿನಲ್ಲಿ ಕೂತೆವು. ಇಬ್ಬರ ಕೈಯಲ್ಲೂ ಸಣ್ಣ ಡಬ್ಬಿ, ಅದರ ಮೇಲೆ ಕರವಸ್ತ್ರ. ದೊಡ್ಡಪ್ಪನ ಮೀಸೆಯ ತುದಿ ಕೆಳಗಾಗಿತ್ತು. ಕಿಟಕಿಯ ಆಚೆ ಬಿಳಿ ಕೋಟು ಹಾಕಿಕೊಂಡ ನನ್ನ ಮಗಳು ತಲೆ ಬಗ್ಗಿಸಿ ಕೆಲಸ ಮಾಡುತ್ತಿದ್ದಳು. ನನ್ನ ಸರದಿ ಬಂದಾಗ ಎದ್ದು ಹೋದೆ. ಡಬ್ಬಿ ಮುಂದೆ ಚಾಚಲಾಗಲಿಲ್ಲ. ಅವಳು ಕೈಗವಸಿನ ಕೈ ನೀಡಿ ತಾನೇ ತೆಗೆದುಕೊಂಡಳು. ನನಗಿಂತ ಮುಂಚೆ ಒಬ್ಬ ಕುರಿಗಾಹಿಯದನ್ನು ಹೇಗೆ ತೆಗೆದುಕೊಂಡಿದ್ದಳೋ ಹಾಗೆಯೇ, ಹೆಚ್ಚಿಲ್ಲ, ಕಡಿಮೆಯಿಲ್ಲ. ಮುಚ್ಚಳ ಬಿಗಿ ಮಾಡಿ, ನಂಬರಿನ ಚೀಟಿ ಅಂಟಿಸಿ ಪಕ್ಕಕ್ಕಿಟ್ಟಳು. ಇಷ್ಟಕ್ಕೆ ನಾನು ಅಷ್ಟು ದಿನ ಹೆದರಿದ್ದೆನೇ ಎಂದು ನನಗೆ ಕಣ್ಣು ತುಂಬಿ ಬಂತು. ಅವಳು ನನ್ನ ಕಣ್ಣು ನೋಡಿದಳು. ಬೆಂಚಿನ ಕಡೆ ತಿರುಗಿ, ಎಲ್ಲರಿಗೂ ಕೂಗುವ ಅದೇ ದನಿಯಲ್ಲಿ ಕೂಗಿದಳು.

"ಮುಂದಿನವ್ರು ಬರ್ರಿ."

ದೊಡ್ಡಪ್ಪ ರುಮಾಲು ಸರಿಮಾಡಿಕೊಂಡು ಎದ್ದರು. ಡಬ್ಬಿಯ ಮೇಲಿನ ಕರವಸ್ತ್ರವನ್ನು ತೆಗೆದು ಜೇಬಿಗಿಟ್ಟುಕೊಂಡು ಕಿಟಕಿಯ ಕಡೆ ನಡೆದರು.